ಚಿಗುರವ್ವ ಕೇಳಿದ ಹೆಸರು

ಚಿಗುರವ್ವನಿಗೆ ಗುಡಿಯಿಲ್ಲ, ಮೂರ್ತಿಯಿಲ್ಲ. ಹೊಳೆದಂಡೆಯಲ್ಲಿ ತಾನಾಗಿ ಬೆಳೆದ ಮದ್ದಿನ ಗಿಡಗಳ ಮಧ್ಯೆ ಅರಿಶಿನ ಬಳಿದ ಒಂದು ಕಲ್ಲು, ಅಷ್ಟೇ. ಕಾಯಿಲೆ ವಾಸಿಮಾಡುವ ತಾಯಿ ಅವಳು. ಹಣ್ಣುಕಾಯಿ ಕೇಳುವವಳಲ್ಲ, ಹರಕೆ ಕೇಳುವವಳಲ್ಲ. ಗಿಡಕ್ಕೆ ಕೈ ಹಾಕುವ ಮುಂಚೆ ಕಾಯಿಲೆ ಬಿದ್ದವರ ಹೆಸರನ್ನು ಬಾಯಿಬಿಟ್ಟು ಹೇಳಬೇಕು. ಅವಳ ಕಟ್ಟಳೆ ಅದೊಂದೇ.

ಆ ದಂಡೆಯ ಆಶ್ರಮದಲ್ಲಿದ್ದ ಮುದಿ ವೈದ್ಯರನ್ನು ಸುತ್ತಲ ಸೀಮೆಯೆಲ್ಲ ಗುರುಗಳು ಅಂತಲೇ ಕರೆಯುತ್ತಿತ್ತು. ಶಿಷ್ಯ ಬೊಮ್ಮಯ್ಯ ಮದ್ದು ಅರೆಯಲು ಅವರ ಹತ್ತಿರ ಬಂದಾಗ ಮೀಸೆ ಮೂಡಿರಲಿಲ್ಲ. ಈಗ ಕಿವಿಯ ಮೇಲೆ ನರೆ ಬಂದಿತ್ತು. ಎಷ್ಟು ಜನರ ಹೆಸರನ್ನು ಅವ್ವನ ಮುಂದೆ ಹೇಳಿದ್ದನೋ, ಅವನಿಗೇ ನೆನಪಿಲ್ಲ.

ಒಂದು ಚಳಿಗಾಲ ಗುರುಗಳೇ ಜ್ವರ ಹಿಡಿದು ಮಲಗಿದರು. ಮೈ ಕೆಂಡವಾಗಿತ್ತು, ಗಂಜಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬೊಮ್ಮಯ್ಯನ ಜೀವ ಬಾಯಿಗೆ ಬಂತು. ಅವನಿಗೆ ತಂದೆ ಅಂದರೂ ಅವರೇ, ತಾಯಿ ಅಂದರೂ ಅವರೇ. ಓಡಿಹೋಗಿ ನೆಲಬೇವು ಕಿತ್ತು ತಂದು ಕಷಾಯ ಕುದಿಸಿದ.

ಬಟ್ಟಲನ್ನು ತುಟಿಯ ಹತ್ತಿರ ಹಿಡಿದರೆ ಗುರುಗಳು ಮುಖ ತಿರುಗಿಸಿದರು.

“ಅವ್ವನಿಗೆ ಏನು ಹೇಳಿ ಕಿತ್ತೆ?”

“ಗುರುಗಳಿಗೆ ಬೇಕು ತಾಯಿ ಅಂದೆ.”

“ಗುರುವಿಗೆ ಎಲ್ಲಾದರೂ ಜ್ವರ ಬರುತ್ತೇನೋ? ಇಲ್ಲಿ ಸುಡ್ತಾ ಇರೋನು ಯಾರು, ಅದು ಹೇಳು.”

ಬೊಮ್ಮಯ್ಯ ತಬ್ಬಿಬ್ಬಾದ. ಗುರುವನ್ನು ಹೆಸರು ಹಿಡಿದು ಕರೆಯುವ ಶಿಷ್ಯ ಯಾವ ಲೋಕದಲ್ಲಿದ್ದಾನೆ? ಹಾಗೆ ಕರೆದರೆ ನಾಲಿಗೆ ಬಿದ್ದುಹೋಗುತ್ತೆ ಅಂತ ನಂಬಿದ್ದವನು ಅವನು. ಅದಕ್ಕಿಂತ ದೊಡ್ಡ ಪೇಚು ಇನ್ನೊಂದಿತ್ತು. ಇಷ್ಟು ವರ್ಷ ಕಾಲೊತ್ತಿದ್ದಾನೆ, ಊಟದ ಎಲೆ ತೆಗೆದಿದ್ದಾನೆ, ಅವರ ಹೆಸರೇನು ಅಂತ ಈ ಪುಣ್ಯಾತ್ಮ ಒಮ್ಮೆಯೂ ಕೇಳಿರಲಿಲ್ಲ! ಅದು ಹೊಳೆದ ಕೂಡಲೇ ನಾಚಿಕೆಯಾಯಿತು. ಅಳುವೂ ಬಂತು.

“ನಿಮ್ಮ ಹೆಸರು ಹೇಳಿ ಗುರುಗಳೇ. ಕಾಲು ಹಿಡೀತೀನಿ.”

ಗುರುಗಳು ಮುಖವನ್ನು ಮತ್ತೆ ಅವನ ಕಡೆ ತಿರುಗಿಸಿದರು.

“ಪುಟ್ಟೀರ,” ಅಂದರು.

ಆಮೇಲೆ ಏದುಸಿರಿನಲ್ಲೇ ಹಳೆಯದನ್ನೆಲ್ಲ ಹೇಳಿಕೊಂಡರು. ಹೊಳೆಯಾಚೆ ಅವರದೊಂದು ಹಟ್ಟಿ. ಸಂಜೆಯಾದರೆ ಹೆತ್ತವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಅಂಗಳದ ತುದಿಗೆ ಬಂದು, ಊರೇ ಕೇಳುವ ಹಾಗೆ ಆ ಹೆಸರು ಕೂಗುತ್ತಿದ್ದಳಂತೆ. ಮುದ್ದೆ ಆರಿಹೋಗುತ್ತೆ ಬಾರೋ ಅಂತ ಬೈಯುತ್ತಿದ್ದಳಂತೆ. ಅವ್ವ ಹೋದಳು. ಅಕ್ಕ ಹೋದಳು. ಜೊತೆಗೆ ಹೊಳೆಯಲ್ಲಿ ಈಜಿದ ಗೆಳೆಯರೂ ಒಬ್ಬೊಬ್ಬರಾಗಿ ಹೋದರು. ಈಗ ಉಳಿದವರೆಲ್ಲ ಬಂದು ಕಾಲಿಗೆ ಬೀಳುವವರೇ.

ಬೊಮ್ಮಯ್ಯ ಮತ್ತೆ ಹೊಳೆದಂಡೆಗೆ ಹೋದ. ಕಲ್ಲಿನ ಮುಂದೆ ನಿಂತ. ತುಟಿ ತೆರೆದ, ಮುಚ್ಚಿದ. ಪಾಪ ಬಂದರೆ ಬರಲಿ, ಆ ಜೀವ ಉಳಿದರೆ ಸಾಕು ಅಂದುಕೊಂಡು ಕಣ್ಣುಮುಚ್ಚಿ ಹೇಳಿಬಿಟ್ಟ.

“ತಾಯಿ, ನಮ್ಮ ಪುಟ್ಟೀರನಿಗೆ ಜ್ವರ.”

ನಾಲಿಗೆಯೇನೂ ಬೀಳಲಿಲ್ಲ. ಆದರೆ ಮನೆಯ ಕೂಸೊಂದು ಕಾಯಿಲೆ ಬಿದ್ದ ಹಾಗೆ ಅವನಿಗೆ ಸಂಕಟವಾಯಿತು. ಇಷ್ಟು ವರ್ಷ ಅವರ ಮೇಲೆ ಭಕ್ತಿಯಿತ್ತು, ಅಕ್ಕರೆ ಹುಟ್ಟಿದ್ದು ಅವತ್ತೇ. ಸೊಪ್ಪು ಕಿತ್ತುಕೊಂಡು ಬೇಗ ಬೇಗ ನಡೆದ.

ಹೊಸ ಕಷಾಯ ಕಾಯಿಸಿ ತಂದು, ಗುರುಗಳ ತಲೆಯನ್ನು ತೋಳಿನ ಮೇಲೆ ಎತ್ತಿ ಹಿಡಿದ. ಅವರು ಬಾಯಿ ತೆರೆಯಲಿಲ್ಲ. ಚಿಗುರವ್ವನ ಮುಂದೆ ಹೇಳಿದ್ದನ್ನು ಇಲ್ಲಿಯೂ ಹೇಳು ಅಂದರು.

ಬೊಮ್ಮಯ್ಯ ಬಟ್ಟಲನ್ನು ಅವರ ತುಟಿಗೆ ತಂದ.

“ಪುಟ್ಟೀರಾ, ಕುಡಿಯಪ್ಪಾ.”

ಮುದುಕರ ಕಣ್ಣಿಂದ ನೀರು ಕೆನ್ನೆಗೆ ಇಳಿಯಿತು. ಕಹಿಗೆ ಮುಖ ಕಿವುಚಿಕೊಂಡು ಅರ್ಧ ಬಟ್ಟಲು ಕುಡಿದರು. ಆಮೇಲೆ ಶಿಷ್ಯನ ಕೈ ಹಿಡಿದುಕೊಂಡರು.

“ಉಳಿದಿದ್ದೂ ಕುಡೀತೀನಿ. ಇನ್ನೊಂದು ಸಲ ಕರಿ.”