ಮುಂಡಳಿಕೆಯ ಇಗರ್ಜಿಗೆ ಮೂಡಣ ಬಾಗಿಲು ಬಂದ ಕಥೆ

ಓದುವ ಯಾತ್ರಿಕರು ಮೊದಲೇ ಮನ್ನಿಸಬೇಕು. ಸ್ಥಳದ ಮಹಿಮೆಯನ್ನು ಅದಕ್ಕೆ ತಕ್ಕ ಗಾಂಭೀರ್ಯದಿಂದ ಹೇಳುವ ಅಭ್ಯಾಸ ಬರೆಯುವವನಿಗಿಲ್ಲ. ಇದು ಮೊದಲ ಬರವಣಿಗೆ. ಗೊತ್ತಿರುವುದನ್ನೇ ಬಿಡಿಸಿ ಹೇಳಿದರೆ ಬೇಸರಪಡಬಾರದು. ಇಗರ್ಜಿ ಎಂದರೆ ಚರ್ಚು. ನಮ್ಮ ಕರಾವಳಿಯಲ್ಲಿ ಹಾಗೆನ್ನುತ್ತಾರೆ.

ಬಹುಕಾಲದ ಹಿಂದೆ, ಹಾಯಿಹಡಗುಗಳು ಗಾಳಿ ನೋಡಿಕೊಂಡು ಗೋವೆಯಿಂದ ಬರುತ್ತಿದ್ದ ಕಾಲದಲ್ಲಿ, ಹೊಳೆ ಕಡಲನ್ನು ಸೇರುವ ಮುಂಡಳಿಕೆಯೆಂಬ ಮರಳುದಿಣ್ಣೆಯ ಮೇಲೆ ಮರಿಯ ಮಾತೆಗೊಂದು ಆಲಯವಾಗಬೇಕೆಂದು ಸಂಕಲ್ಪಿಸಿದ ಇನಾಸ್ ಪಾದ್ರಿಗಳು, ಆ ಸೀಮೆಯ ಹೆಸರಾಂತ ದೇಗುಲಗಳ ಮೇಸ್ತ್ರಿ ದೂಮಣ್ಣನಿಗೆ ಕೆಲಸ ಒಪ್ಪಿಸಿ ಗೋವೆಗೆ ಹೊರಟರು. ಉದ್ದ, ಅಗಲ, ಎತ್ತರ ಎಲ್ಲ ಹೇಳಿದ್ದರು. ದಿಕ್ಕು ಹೇಳಲಿಲ್ಲ. ದೂಮಣ್ಣನೂ ಕೇಳಲಿಲ್ಲ. ಕೇಳುವುದೇನಿದೆ? ದೇವರೆಂದರೆ ಮೂಡಣಕ್ಕೆ ಮುಖಮಾಡಿ ಕೂರುವುದು; ಬೆಳಗಿನ ಬಿಸಿಲು ಬಾಗಿಲಿನಿಂದ ನೇರವಾಗಿ ಪೀಠವನ್ನು ಮುಟ್ಟುವುದು. ಅವನ ಅಪ್ಪ, ಅಜ್ಜ ಕಟ್ಟಿದ್ದೂ ಹಾಗೆಯೇ.

ಇಲ್ಲಿ ಮುರಕಲ್ಲಿನ ವಿಷಯ ಹೇಳಬೇಕು. ನೆಲದಿಂದ ಕಡಿದಾಗ ಮೆತ್ತಗಿರುವ ಈ ಕೆಂಪು ಕಲ್ಲು ಗಾಳಿ ತಾಗಿದಂತೆ ಗಟ್ಟಿಯಾಗುತ್ತದೆ. ಬೆಲ್ಲದ ನೀರಲ್ಲಿ ಕಲಸಿದ ಚಿಪ್ಪುಸುಣ್ಣ ಒಮ್ಮೆ ಹಿಡಿಯಿತೆಂದರೆ ಕಲ್ಲು ಒಡೆದೀತೇ ಹೊರತು ಬಿಡದು.

ಗೋಡೆ ಪೂರ್ತಿ ಎದ್ದ ಮೇಲೆ ಪಾದ್ರಿಗಳು ಮರಳಿದರು.

"ದೂಮಣ್ಣ, ಬಾಗಿಲು ಎಲ್ಲಿ ಇಟ್ಟದ್ದು ಮಾರಾಯ?"

"ಮೂಡಕ್ಕೆ ಸ್ವಾಮಿ. ಮತ್ತೆಲ್ಲಿಗೆ?"

"ಮೂಡಕ್ಕೆ ಮುಖ ಮಾಡಿ ಪ್ರಾರ್ಥಿಸುವವರು ನಾವು. ಪೀಠ ಅಲ್ಲಿರಬೇಕಿತ್ತು. ಈಗ ಕಡಲಿಗೆ ಕೈಮುಗಿಯಬೇಕಷ್ಟೆ. ಕೆಡವು, ಮಳೆಗೆ ಮೊದಲು ಮತ್ತೆ ಕಟ್ಟು."

ಕಲ್ಲು ಕಡಿಯುವ ಬಗ್ಗ ನಕ್ಕ. "ಊರ ದೇವರನ್ನೆಲ್ಲ ಕೂರಿಸಿದವನಿಗೆ ಈ ಅಮ್ಮನ ಬೆನ್ನು ಯಾವುದು, ಮುಖ ಯಾವುದು ಗೊತ್ತಾಗಲಿಲ್ಲ ನೋಡಿ!"

ದೂಮಣ್ಣನಿಗೆ ನಗು ಬರಲಿಲ್ಲ. ತಾನು ಎತ್ತಿದ ದೇವರ ಗೋಡೆ ಕೆಡವಿದ ಮೇಸ್ತ್ರಿ ಮತ್ತೆಂದೂ ಗೋಡೆಯ ನೇರ ನೋಡುವ ತೂಗುಗುಂಡು ಹಿಡಿಯಬಾರದೆಂಬುದು ಅವರ ಕುಲದ ಕಟ್ಟು. ಇನ್ನೊಬ್ಬರ ಕೈಯಲ್ಲಿ ಕೆಡವಿಸುವುದು ಅದಕ್ಕಿಂತ ನಾಚಿಕೆ. ಸಂಜೆ ಆಳುಗಳನ್ನು ಕಳಿಸಿ, ಒಬ್ಬನೇ ಪೀಠದ ಹಿಂದೆ ಹೋಗಿ, ಅಡಿಸಾಲಿನ ಕಲ್ಲಿಗೆ ಹಾರೆ ಕೊಟ್ಟ.

ಬಿಡದಿರಬೇಕಾಗಿದ್ದ ಕಲ್ಲು ಹಲಸಿನ ತೊಳೆಯಂತೆ ಬಿಟ್ಟಿತು. ಹಿಂದೆಯೇ ನೀರು. ಉಪ್ಪುನೀರಿನ ಬಾವಿಗಳಷ್ಟೇ ಇದ್ದ ಮುಂಡಳಿಕೆಯಲ್ಲಿ ಹೆಂಗಸರು ಕುಡಿಯುವ ನೀರಿಗೆ ದೋಣಿಯಲ್ಲಿ ಹೊಳೆ ದಾಟುತ್ತಿದ್ದರು. ದೂಮಣ್ಣ ಬೊಗಸೆಯೊಡ್ಡಿ ಕುಡಿದ. ಸಿಹಿಯಾಗಿತ್ತು. ಆಗ ಶೂನ್ಯದಿಂದ, ಅವನದೇ ತುಳು ಮಾತಿನಲ್ಲಿ, ಸ್ತ್ರೀವಾಣಿಯೊಂದು ಕೇಳಿಸಿತು:

"ದೂಮಾ, ಹಾರೆ ಕೆಳಗಿಡು. ಬಾಯಾರಿ ಬಂದವರನ್ನು ಯಾವ ದಿಕ್ಕಿನಿಂದ ಬಂದಿರೆಂದು ನಾನು ಕೇಳುವುದಿಲ್ಲ. ನೀನು ಕೂರಿಸಿದಲ್ಲೇ ಕೂರುತ್ತೇನೆ."

ದೂಮಣ್ಣನ ಕೂಗಿಗೆ ಓಡಿಬಂದ ಪಾದ್ರಿಗಳು ನಡೆದದ್ದನ್ನೆಲ್ಲ ಕೇಳಿ, ತಾವೂ ಕುಡಿದರು. ಇನ್ನೊಂದು ಬೊಗಸೆ ಕುಡಿದರು. "ಅವಳೇ ಕೂತಾಯಿತು. ಎಬ್ಬಿಸಲು ನಾನ್ಯಾರು?"

"ಮತ್ತೆ ಮೂಡಕ್ಕೆ ಮುಖ ಮಾಡುವುದು ಹೇಗೆ, ಸ್ವಾಮಿ?"

"ನಾವೇ ತಿರುಗಿದರಾಯಿತು. ಗೋಡೆ ತಿರುಗಿಸುವಷ್ಟು ಕಷ್ಟವಿಲ್ಲವಲ್ಲ."

ದೂಮಣ್ಣ ತೂಗುಗುಂಡನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ಮರುದಿನ ಗಂಟೆಗೋಪುರಕ್ಕೆ ಪಾಯ ತೋಡಿದ.

ಪೀಠದ ಹಿಂದಿನ ಗೋಡೆಯಲ್ಲಿ ಒಂದು ಕಲ್ಲಿನಷ್ಟು ಸಂದು ಇಂದಿಗೂ ತೆರೆದೇ ಇದೆ. ಅಲ್ಲಿಂದ ಹರಿಯುವ ನೀರು ಹೊರಗಿನ ಕಲ್ಲುಮರಿಗೆಗೆ ಬೀಳುತ್ತದೆ. ಮಾತೆಯ ಹಬ್ಬದಂದು, 'ಪರಲೋಕದಲ್ಲಿರುವ ನಮ್ಮ ತಂದೆಯೇ' ಎಂಬ ಪ್ರಾರ್ಥನೆಯ ಹೊತ್ತಿಗೆ, ನೆರೆದವರೆಲ್ಲ ಪೀಠಕ್ಕೆ ಬೆನ್ನುಮಾಡಿ ಬಾಗಿಲ ಕಡೆ ತಿರುಗುತ್ತಾರೆ. ಇದು ಅಗೌರವವಲ್ಲ. ಮುಂದಿದ್ದವರು ಹಿಂದಾಗಿ, ಬಾಗಿಲಲ್ಲಿ ನಿಂತವರು ಮೊದಲಿಗರಾಗುತ್ತಾರೆ; ಆ ನೀರಿನ ಮೊದಲ ತೀರ್ಥ ಅವರಿಗೇ. ತಿರುಗುವುದು ಬಲಭುಜದ ಕಡೆಯಿಂದಲೇ ಆಗಬೇಕು, ಏಕೆಂದರೆ ಎಡಕ್ಕೆ ತಿರುಗಿದರೆ ಪಕ್ಕದವರ—

ಇಗರ್ಜಿಯ ಕೇರಿಯ ಮುಖಂಡರಾದ ಗುರ್ಕಾರರು ಕರೆಯುತ್ತಿದ್ದಾರೆ, ಹೋಗಬೇಕು. ಹಬ್ಬಕ್ಕೆ ಹೊಸಬರು ಬಹಳ ಬಂದಿದ್ದಾರಂತೆ. ಅರ್ಧ ಜನ ಪೀಠದ ಕಡೆಗೆ, ಅರ್ಧ ಜನ ಬಾಗಿಲ ಕಡೆಗೆ ತಿರುಗಿ, ಒಬ್ಬರ ಮುಖ ಒಬ್ಬರು ನೋಡುತ್ತ ನಿಂತಿದ್ದಾರಂತೆ.