ಉಂಡವರ ರಕ್ತ ಬೇಡ

ನಗು ಬಂದ್ರೆ ನಗಿ, ನಾನೇನು ಬಾಯಿ ಕಟ್ಟಲ್ಲ. ಆದ್ರೆ ಪೂರ್ತಿ ಕೇಳಿ ಆಮೇಲೆ ನಗಿ.

ಒಂದೂರಲ್ಲಿ ದೊಡ್ಡತಾಯಮ್ಮ ಅಂತ ಒಬ್ಳು. ಗಂಡ ಇಲ್ಲ. ಇದ್ದೊಬ್ಬ ಮಗ ಚಿಕ್ಕೀರಂಗೆ ಮೀಸೆ ಬಂದಿತ್ತು, ಬುದ್ಧಿ ಬಂದಿರ್ಲಿಲ್ಲ. ಹೇಳಿದ್ದನ್ನ ಹೇಳ್ದಂಗೇ ಮಾಡೋನು. ಆಯಮ್ಮಂಗೆ ಎದ್ದು ನಿಂತ್ರೆ ಕಣ್ಣು ಕತ್ತಲೆ. ನಾನು ಬಿದ್ದೋದ್ರೆ ಇವನ ಗತಿ ಏನಪ್ಪಾ ಶಿವನೇ ಅಂತ ಅದೊಂದೇ ಕೊರಗು.

ಆ ಊರಿಗೆ ಮೂರು ವರ್ಷಕ್ಕೊಮ್ಮೆ ಆರೋಗ್ಯ ಸರ್ವೆಯವರು ಬರೋರು. ಅದೇ ಜನರ ರಕ್ತ ತಗೊಂಡು, ಹೋದ ಸಲಕ್ಕೂ ಈ ಸಲಕ್ಕೂ ಏನು ಹೆಚ್ಚುಕಮ್ಮಿ ಅಂತ ನೋಡೋರು. ರಕ್ತ ಕಮ್ಮಿ ಇದ್ದೋರಿಗೆ ಔಷಧಿ ಕೊಡಿಸೋರು. ಹೋದ ಸಲ ದೊಡ್ಡತಾಯಮ್ಮ ಕೂಲಿಗೆ ಹೋಗಿದ್ಲು, ಪಟ್ಟೀಲಿ ಹೆಸರಿದ್ರೂ ಅವಳ ರಕ್ತದ ಸೀಸೆ ಖಾಲಿ ಉಳೀತು. ಈ ಸಲ ಜನರನ್ನ ಶಾಲೆ ಜಗಲಿಗೆ ಕರೆತರೋ ಕೆಲಸಕ್ಕೆ ನರ್ಸ್ ಸುಮಿತ್ರಮ್ಮ ಚಿಕ್ಕೀರನ್ನೇ ಹಾಕ್ಕೊಂಡ್ರು.

ಮರಿಕಾಳಯ್ಯನ ಮನೆಯಿಂದ ಒಬ್ಬರನ್ನ ಕರ್ಕೊಂಡು ಬಾ ಅಂದ್ರು. ಅಲ್ಲಿ ಬಳೆ ತೊಡಿಸ್ತಾ ಕೂತಿದ್ದ ಬಳೆಗಾರನ್ನ ಎಳ್ಕೊಂಡು ಬಂದ. ನರ್ಸಮ್ಮ ಉಗಿದ್ರು. ಪಟ್ಟೀಲಿ ಹೆಸರಿದ್ದೋರೇ ಬೇಕು ಕಣೋ, ಇನ್ನೊಬ್ಬರ ರಕ್ತ ತುಂಬಿದ್ರೆ ಲೆಕ್ಕವೇ ಸುಳ್ಳಾಗುತ್ತೆ ಅಂದ್ರು. ಸರಿ, ಮುದ್ದೆ ಮುರೀತಿದ್ದ ಮರಿಕಾಳಯ್ಯನ್ನ ಎಂಜಲು ಕೈಲೇ ಹೊತ್ಕೊಂಡು ಬಂದ. ಮತ್ತೆ ಬೈಗುಳ. ಉಂಡವರ ರಕ್ತ ಬೇಡ, ಖಾಲಿ ಹೊಟ್ಟೆಯೋರು ಬೇಕು, ಮೊದಲು ಊಟ ಆಯ್ತಾ ಅಂತ ಕೇಳು.

ಮಾರನೇ ಬೆಳಿಗ್ಗೆ ಕೇರಿಯೆಲ್ಲ ಕೇಳ್ದ. ನಮ್ಮ ಜನ ಗೊತ್ತಲ್ಲ! ಒಲೆ ಹಚ್ಚಿ ಎರಡು ದಿನ ಆಗಿರಲಿ, ಊಟ ಆಯ್ತಾ ಅಂದ್ರೆ ಆಯ್ತು ಕಣಪ್ಪ ಅಂತಾರೆ. ಅವರವ್ವನೂ ಹಂಗೇ ಅಂದ್ಲು. ಚಿಕ್ಕೀರ ಒಬ್ಬನೇ ವಾಪಸ್ ಬಂದ.

ನರ್ಸಮ್ಮ ತಲೆ ಚಚ್ಕೊಂಡ್ರು. ಹಸಿದೋರದ್ದೇ ಬಿಟ್ಟುಹೋದ್ರೆ ಊರೆಲ್ಲ ಗಟ್ಟಿಮುಟ್ಟಾಗಿದೆ ಅಂತ ಆಗೋಗುತ್ತೆ ಕಣೋ ಅಂದ್ರು. ಬಾಯಿಮಾತು ನಂಬಬೇಡ, ಉಂಡಿದ್ದನ್ನ ಕಣ್ಣಾರೆ ನೋಡು. ನಾಳೆ ಜೀಪು ಹೊರಡುತ್ತೆ, ಮೊದಲು ನಿಮ್ಮವ್ವನ್ನ ವಿಚಾರಿಸು.

ಬೆಳಿಗ್ಗೆ ಒಲೆ ಮುಂದೆ ಕೂತ. ಅವ್ವ ತಟ್ಟೆಗೆ ಮುದ್ದೆ ಇಟ್ಲು. ನಂದಾಯ್ತು, ನೀನು ಉಣ್ಣು ಮಗ ಅಂದ್ಲು. ಅವನು ಮುಟ್ಲಿಲ್ಲ.

"ನಾನು ನೋಡ್ಲಿಲ್ಲವಲ್ಲವ್ವ. ನೀನು ಉಣ್ಣೋದನ್ನ ಕಣ್ಣಾರೆ ನೋಡ್ಬೇಕಂತೆ."

ಆಮೇಲೆ ಉಣ್ತೀನಿ ಅಂದ್ಲು. ಗದರಿದ್ಲು. ಅವನು ಅಲ್ಲಾಡ್ಲಿಲ್ಲ. ಮಡಕೆ ಬಗ್ಗಿಸಿ ನೋಡ್ದ, ಒಳಗೆ ಏನೂ ಇರ್ಲಿಲ್ಲ. ಇದ್ದದ್ದು ಅದೊಂದೇ ಮುದ್ದೆ. ಕೊನೆಗೆ ಆಯಮ್ಮ ಕಣ್ಣೀರು ಒರೆಸ್ಕೊಂಡು ಮುರಿದು ನುಂಗಿದ್ಲು. ಕೊನೇ ತುತ್ತಿನವರೆಗೂ ಅವನು ನೋಡ್ದ.

ಶಾಲೆ ಹತ್ರ ಜೀಪು ಹೊರಟು ನಿಂತಿತ್ತು. ಚಿಕ್ಕೀರ ಏದುಸಿರು ಬಿಡ್ತಾ ಓಡಿ ಬಂದ.

"ನರ್ಸಮ್ಮ, ಅವ್ವ ಉಂಡ್ಲು, ಕಣ್ಣಾರೆ ನೋಡ್ದೆ. ಅವಳ ರಕ್ತ ಬೇಡ. ನಿನ್ನೆ ಆಗಿದ್ರೆ ಆಗೋದು, ನಿನ್ನೆ ಹೊಟ್ಟೆ ಖಾಲಿ ಇತ್ತಂತೆ. ಮೊನ್ನೇನೂ ಇತ್ತಂತೆ."

ಬೈಯೋಕೆ ಬಾಯಿ ತೆಗೆದ ಸುಮಿತ್ರಮ್ಮ ಸೀಸೆಗಳ ಪೆಟ್ಟಿಗೆ ಕಡೆ ತಿರುಗಿದ್ರು. ಈ ಸಲವೂ ದೊಡ್ಡತಾಯಮ್ಮನ ಸೀಸೆ ಖಾಲಿ. ಅವರ ಮುಖ ನೋಡಿ ಪಾಪ, ಚಿಕ್ಕೀರನೇ ಸಮಾಧಾನ ಹೇಳ್ದ.

"ನೀವೇನೂ ಬೇಜಾರಾಗ್ಬೇಡಿ. ಇನ್ಮೇಲೆ ದಿನಾ ಎದುರಿಗೆ ಕೂತ್ಕೊಂಡು ಉಣ್ಣಿಸ್ತೀನಿ. ಅವಳ ರಕ್ತ ನಿಮಗೆ ಯಾವತ್ತೂ ಬೇಡ, ಹಂಗೆ ಮಾಡ್ತೀನಿ."