ಗೋಡೆಯ ಆಚೆಯ ಪೀಪಾಯಿ

೧೯೬೮, ಡಿಸೆಂಬರ್ ೧೧, ಬುಧವಾರ. ಅಂಬುಜಾಕ್ಷಿಯ ಹಳೆಯ ದಿನಚರಿಯಲ್ಲಿ ಈ ತಾರೀಖಿನ ಕೆಳಗೆ ಒಂದೇ ಪ್ರಶ್ನೆ ಇದೆ: "ಹಿಡಿದ ಕೆಲಸವನ್ನು ಮುಗಿಸದೆ ಏಳುವುದು ಸರಿಯೇ?"

ಅಂದು ಅವಳು ಗುರುಗಳನ್ನು ಅದನ್ನೇ ಕೇಳಿದಳು. ಬಿ.ಎ. ಪಾಸು ಮಾಡಿ, ಅವರ ಬಳಿ ಭಾಷ್ಯ ಓದಲು ಬಂದವಳು. ಪಾಠ ಮುಗಿಯುವ ಹಂತದಲ್ಲಿತ್ತು. ತಂಗಿ ಹಾಸಿಗೆ ಹಿಡಿದಿದ್ದಾಳೆ, ಅಕ್ಕನನ್ನೇ ಕೇಳುತ್ತಿದ್ದಾಳೆ ಎಂದು ಊರಿನಿಂದ ಎರಡು ಸಲ ಹೇಳಿಕಳಿಸಿದ್ದರು.

"ಪಾಠ ಮುಗಿಸಿಯೇ ಹೋಗುತ್ತೇನೆ, ಗುರುಗಳೇ. ಅರ್ಧಕ್ಕೆ ಬಿಡಬಾರದು ಎಂದು ನೀವೇ ಹೇಳಿದ್ದೀರಿ."

"ಹೇಳಿದ್ದೆ. ಬೀರು ಮಾಡುತ್ತಿದ್ದವನೊಬ್ಬನ ಕತೆ ಕೇಳು" ಎಂದರು ಗುರುಗಳು.

ಗುರುಗಳ ಬಾಯಲ್ಲಿ ಬೀರು! ಅಂಬುಜಾಕ್ಷಿಗೆ ನಗು ಬಂತು. ಅವರು ನಗಲಿಲ್ಲ.

ಮೈ ಕೊರೆಯುವ ಚಳಿಯ ಬೆಟ್ಟದ ಊರಿನಲ್ಲಿ ಒಬ್ಬ ಗೃಹಸ್ಥನಿದ್ದ. ಮನೆಯಲ್ಲೇ ಬಾರ್ಲಿಯಿಂದ ಲಾಗರ್ ಬೀರು ಹುದುಗಿಸಬೇಕೆಂಬುದು ಅವನ ಹಠ. ಅದು ಅವಸರಕ್ಕೆ ಬಗ್ಗುವ ಬೀರಲ್ಲ. ತಣ್ಣಗಿನ ಕತ್ತಲಲ್ಲಿ ಮೆಲ್ಲಗೆ ಹುದುಗಬೇಕು. ಆಮೇಲೂ ಚಳಿಗಾಲವಿಡೀ ಅಲುಗದೆ ಕೂತು, ಗಸಿ ತಳಕ್ಕಿಳಿದು ತಿಳಿಯಾಗಬೇಕು. ನಡುವೆ ಬಿಸಿ ತಾಗಿದರೆ ರುಚಿ ಕೆಟ್ಟಿತು. ಹಿಂದಿನ ವರ್ಷಗಳಲ್ಲಿ ಅವನದು ಪ್ರತಿ ಸಲವೂ ಕೆಟ್ಟಿತ್ತು. "ನಿನ್ನ ಬೀರನ್ನು ದನದ ಮುಂದೆ ಇಟ್ಟೆ. ಅದು ನನ್ನ ಮುಖ ನೋಡಿತು" ಎಂದು ನೆರೆಯವನು ಆಡಿಕೊಂಡಿದ್ದ.

ಮನೆಗೆ ಇದ್ದದ್ದು ಎರಡೇ ಕೋಣೆ, ನಡುವೆ ಒಂದು ಗೋಡೆ. ಗೋಡೆಯ ಆ ಕಡೆ ಬೀರಿನ ಪೀಪಾಯಿ. ಈ ಕಡೆ ಒಲೆ, ಒಲೆಯ ಪಕ್ಕ ಹೆಂಡತಿಯ ಮಂಚ. ಒಲೆ ಉರಿಸಿದರೆ ಗೋಡೆ ಬೆಚ್ಚಗಾಗುತ್ತಿತ್ತು. ಆ ವರ್ಷ ಅವನು ಒಲೆ ಹೊತ್ತಿಸುವುದನ್ನೇ ಬಿಟ್ಟ. ಅಂಗಳದಲ್ಲಿ ಮೂರು ಕಲ್ಲಿಟ್ಟು, ಪುರಲೆ ಆಯ್ದು ತಂದು ಅಡುಗೆ ಮಾಡಿಕೊಂಡರು. ಚಳಿಗಾಲಕ್ಕೆಂದು ಒಡೆದಿಟ್ಟ ಸೌದೆ ಸೂರಿನ ಕೆಳಗೆ ಹಾಗೇ ಇತ್ತು.

ಹೆಂಡತಿಗೆ ಕೆಮ್ಮು ಹಿಡಿಯಿತು.

"ಒಂದು ಹೊತ್ತಾದರೂ ಒಲೆ ಹಚ್ಚಿ, ಮಾರಾಯರೆ" ಎಂದಳು.

"ಇನ್ನು ಸ್ವಲ್ಪ ದಿನ. ಒಲೆ ಹಚ್ಚಬೇಕಾದರೆ ಪೀಪಾಯಿ ಸರಿಸಬೇಕು, ಈಗ ಸರಿಸಿದರೆ ಗಸಿ ಎದ್ದುಬಿಡುತ್ತದೆ. ನೀನು ಎದ್ದು ಓಡಾಡುವ ದಿನ ಮೊದಲ ಲೋಟ ನಿನಗೇ."

"ಹಾಗಾದರೆ ನನ್ನನ್ನೂ ಅದರ ಪಕ್ಕ ಇಟ್ಟುಬಿಡಿ. ನಾನೂ ತಿಳಿಯಾಗುತ್ತೇನೆ."

ಇಬ್ಬರೂ ನಕ್ಕರು. ಅವನು ಅವಳಿಗೆ ಇನ್ನೊಂದು ಕಂಬಳಿ ಹೊದಿಸಿದ. ಕೆಟ್ಟವನಲ್ಲ, ಅವಳ ಮೇಲೆ ಪ್ರೀತಿ ಇಲ್ಲದವನೂ ಅಲ್ಲ. ದಿನವೂ ಎದ್ದವನೇ ಗೋಡೆಗೆ ಅಂಗೈ ಇಟ್ಟು ನೋಡುತ್ತಿದ್ದ. ಗೋಡೆ ತಣ್ಣಗಿದ್ದರೆ ಅವನಿಗೆ ಸಮಾಧಾನ.

ಕೆಮ್ಮು ಎದೆಗೆ ಇಳಿಯಿತು. ಅವಳು ಒಲೆಯ ಮಾತೆತ್ತುವುದನ್ನು ಬಿಟ್ಟಳು. ಗುಣವಾಗುತ್ತಿರಬೇಕು ಎಂದುಕೊಂಡು ಅವನು ಪೀಪಾಯಿಯ ಕಡೆ ಗಮನ ಕೊಟ್ಟ. ಚಳಿ ಇಳಿಯುವ ಹೊತ್ತಿಗೆ, ಒಂದು ಬೆಳಗ್ಗೆ, ಎಂದಿನಂತೆ ಗೋಡೆ ಮುಟ್ಟಿದ. ತಣ್ಣಗಿತ್ತು. ಅವಳನ್ನು ಎಬ್ಬಿಸಲು ಕೈ ಹಿಡಿದ. ಅದೂ ಗೋಡೆಯಷ್ಟೇ ತಣ್ಣಗಿತ್ತು.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಅಂಬುಜಾಕ್ಷಿ ಕಾದಳು. ಇಂಥ ಹಠಕ್ಕೆ ತಕ್ಕ ಶಿಕ್ಷೆಯೊಂದು ಕತೆಯ ಕೊನೆಯಲ್ಲಿ ಇದ್ದೇ ಇರುತ್ತದೆ ಎಂದು ಓದಿದವಳಿಗೆ ಗೊತ್ತಿತ್ತು.

"ಕೊನೆಗೆ ಆ ಬೀರೂ ಕೆಟ್ಟುಹೋಗಿತ್ತೇ, ಗುರುಗಳೇ?"

"ಇಲ್ಲ ತಾಯಿ, ಬೀರು ಗಾಜಿನಷ್ಟು ತಿಳಿಯಾಗಿತ್ತು; ಬಾರ್ಲಿ ಖರ್ಚಾಗಿತ್ತು, ಹೆಂಡತಿ ಹೋಗಿದ್ದಳು, ಸೌದೆ ಅಷ್ಟೂ ಉಳಿದಿತ್ತು."